ಹೊಗೆ ಬಾರದ ಗಾಡಿ: ತುಳಿದರೂ ಎಳೆಯದ ಒಂದು ಕಾರಿನ ಪ್ರಕರಣ

ಮೇಷ್ಟ್ರು ನಮ್ಮ ಗ್ಯಾರೇಜಿಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಶಟರ್ ಅರ್ಧ ಎತ್ತಿರುವಾಗಲೇ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಕಳೆದ ಮೂರು ತಿಂಗಳ ಬಿಲ್ಲುಗಳು. ಡಾಕ್ಟರ ಹತ್ತಿರ ಹಳೆಯ ಚೀಟಿಗಳನ್ನೆಲ್ಲ ಹಿಡಿದು ಹೋಗುವವರ ಹಾಗೆ ಅವನ್ನು ಮೇಜಿನ ಮೇಲೆ ಒಂದೊಂದಾಗಿ ಹರಡಿದರು.

"ತುಳಿದರೆ ಗಾಡಿ ಸ್ವಲ್ಪ ಯೋಚನೆ ಮಾಡಿ ಆಮೇಲೆ ಹೊರಡುತ್ತದೆ. ತೋರಣಗಲ್ಲಿನ ಹತ್ತಿರ ಲಾರಿ ದಾಟಿಸಲು ಹೋದರೆ ಜೀವ ಬಾಯಿಗೆ ಬರುತ್ತದೆ" ಎಂದರು.

ಗಾಡಿ 2018ರದ್ದು. 1248 ಸಿಸಿಯ ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್, ಹೊಗೆಯ ಮಾನದಂಡ ಬಿಎಸ್4, ಓಡಿರುವುದು 1,12,000 ಕಿಲೋಮೀಟರ್. ಮೇಷ್ಟ್ರ ಮನೆ ಬಳ್ಳಾರಿಯಲ್ಲಿ, ಶಾಲೆ ಸಂಡೂರು ತಾಲ್ಲೂಕಿನಲ್ಲಿ. ದಿನವೂ ಕುಡತಿನಿ, ತೋರಣಗಲ್ಲು ದಾಟಿ ಹೋಗಿ ಬರಬೇಕು. ಎರಡೂ ಕಡೆ ಸೇರಿ 90 ಕಿಲೋಮೀಟರ್. ಅದಿರಿನ ಲಾರಿಗಳ ಹಿಂದೆ ಹೋಗುವ ದಾರಿ ಅದು. ಆ ದಾರಿಯಲ್ಲಿ ಓಡಾಡುವ ಬಿಳಿ ಗಾಡಿಗಳು ವರ್ಷ ತುಂಬುವುದರೊಳಗೆ ತಿಳಿ ಕೆಂಪಾಗುತ್ತವೆ, ತೊಳೆದರೂ ಬಾಗಿಲಿನ ಸಂದಿಯ ಬಣ್ಣ ಹೋಗುವುದಿಲ್ಲ. ಈ ಮಾತನ್ನು ನಾನು ಆ ಬೆಳಿಗ್ಗೆಯೇ ನೆನಪಿಸಿಕೊಂಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಬಿಲ್ಲುಗಳು ಹೇಳಿದ ಕಥೆ ಇಷ್ಟು. ಮೊದಲು ಹೋದ ಗ್ಯಾರೇಜಿನಲ್ಲಿ ಡೀಸೆಲ್ ಫಿಲ್ಟರ್ ಬದಲಿಸಿದರು. ಗುಣವಾಗಲಿಲ್ಲ. ಟ್ಯಾಂಕಿಗೆ ಇಂಜೆಕ್ಟರ್ ಶುಚಿ ಮಾಡುವ ದ್ರಾವಣದ ಬಾಟಲಿ ಸುರಿದರು. ಆಗಲೂ ಇಲ್ಲ. ಮೂರನೆಯ ಸಲ ಬಾನೆಟ್ ಎತ್ತಿ ನೋಡಿ, "ಟರ್ಬೊ ಹೋಗಿದೆ, ಹೊಸದು ಹಾಕಬೇಕು" ಎಂದು ಕೈಯಲ್ಲಿ ಬರೆದ ಅಂದಾಜು ಕೊಟ್ಟರು. ಟರ್ಬೊ ಎಂದರೆ ಎಂಜಿನ್ನಿನಿಂದ ಹೊರಬರುವ ಬಿಸಿ ಗಾಳಿಯ ಬಲದಿಂದಲೇ ತಿರುಗಿ, ಹೊಸ ಗಾಳಿಯನ್ನು ಒಳಗೆ ಒತ್ತಿ ತುಂಬುವ ಚಕ್ರ. ಮೊತ್ತ ನೋಡಿ ಮೇಷ್ಟ್ರು ಒಂದು ವಾರ ಬಸ್ಸಿನಲ್ಲಿ ಓಡಾಡಿದ್ದರು.

ನಮ್ಮ ಕಡೆ "ಪಿಕಪ್ ಇಲ್ಲ" ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ತುಳಿದ ಮೇಲೆ ಎಂಜಿನ್ ತಡವಾಗಿ ಏಳುವುದು ಒಂದು. ಏಳುತ್ತದೆ, ಆದರೆ ಭಾರ ಎಳೆಯುವುದಿಲ್ಲ ಎನ್ನುವುದು ಇನ್ನೊಂದು. ಎಂಜಿನ್ ಕೂಗುತ್ತದೆ, ಅದರ ಸುತ್ತು ತೋರಿಸುವ ಮುಳ್ಳು ಮೇಲೇರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ ಎಂದರೆ ಅದು ಕ್ಲಚ್ಚಿನ ಜಾರಾಟ, ಎಂಜಿನ್ನಿಗೆ ಸಂಬಂಧವಿಲ್ಲ. ಒಂದು ವೇಗದ ತನಕ ಚೆನ್ನಾಗಿ ಹೋಗಿ ಅಲ್ಲಿಗೇ ನಿಂತುಬಿಟ್ಟರೆ ಎಂಜಿನ್ನನ್ನು ನಡೆಸುವ ಗಾಡಿಯೊಳಗಿನ ಕಂಪ್ಯೂಟರ್ ತಾನಾಗಿ ಕಡಿವಾಣ ಹಾಕಿದೆ ಎಂದು ಅರ್ಥ. ಇದನ್ನು ಬಿಡಿಸಿ ಕೇಳದೆ ಸ್ಪಾನರ್ ಹಿಡಿಯಬಾರದು. ಕೇಳಿದೆ. ಮೇಷ್ಟ್ರು ಪಾಠ ಮಾಡುವವರಾದ್ದರಿಂದ ಸರಿಯಾಗಿ ಹೇಳಿದರು: ತಡವೂ ಇದೆ, ಎಳೆತವೂ ಕಡಿಮೆ; ಮುಳ್ಳೂ ವೇಗವೂ ಒಟ್ಟಿಗೇ ನಿಧಾನವಾಗಿ ಏರುತ್ತವೆ; ದೀಪ ಯಾವುದೂ ಹತ್ತಿಲ್ಲ; ಒಂದೇ ದಿನ ಆದದ್ದಲ್ಲ, ದೀಪಾವಳಿಯ ಹೊತ್ತಿಗೆ ಶುರುವಾಗಿ ಬೇಸಿಗೆಗೆ ಹೀಗಾಯಿತು.

ಒಮ್ಮೆಗೇ ಆಗಿದ್ದರೆ ಪೈಪ್ ಬಿಟ್ಟಿದೆ ಎಂದೋ ವೈರ್ ಕಿತ್ತಿದೆ ಎಂದೋ ಮನಸ್ಸು ಅತ್ತ ಹೋಗುತ್ತದೆ. ನಿಧಾನವಾಗಿ ಆದದ್ದೆಂದರೆ ಏನೋ ಕಟ್ಟುತ್ತಿದೆ, ಇಲ್ಲವೆ ಸವೆಯುತ್ತಿದೆ.

ನಾನೇ ಓಡಿಸಿ ನೋಡಲು ಹೊಸಪೇಟೆ ರಸ್ತೆಗೆ ಹೊರಟೆ. ಊರು ಬಿಡುವ ಮೊದಲೇ ಒಂದು ವಿಷಯ ಕಾಲಿಗೆ ತಿಳಿಯಿತು: ಪೆಡಲ್ ನೆಲ ಮುಟ್ಟುತ್ತಿಲ್ಲ. ಬಗ್ಗಿ ನೋಡಿದರೆ ಕಂಪನಿಯ ಹಾಸಿನ ಮೇಲೆ ದಪ್ಪ ರಬ್ಬರ್ ಹಾಸು, ಅದರ ಮೇಲೆ ಇನ್ನೊಂದು ನಾರಿನ ಹಾಸು. ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಓದುವ ಸ್ಕ್ಯಾನರ್ ಸಿಕ್ಕಿಸಿ ಪೂರ್ತಿ ತುಳಿದಾಗ ಪರದೆಯ ಮೇಲೆ 84 ಶೇಕಡಾ ಬಂತು. ಈಗಿನ ಗಾಡಿಗಳಲ್ಲಿ ಆಕ್ಸಿಲರೇಟರಿಗೂ ಎಂಜಿನ್ನಿಗೂ ನಡುವೆ ಕೇಬಲ್ ಇರುವುದಿಲ್ಲ. ಪೆಡಲಿನ ಬುಡದಲ್ಲಿ ಎರಡು ಸೆನ್ಸರ್‌ಗಳು ಕುಳಿತು ಕಾಲು ಎಷ್ಟು ಇಳಿಯಿತೆಂದು ವೋಲ್ಟೇಜಿನಲ್ಲಿ ಹೇಳುತ್ತವೆ. ಈ ಗಾಡಿಯಲ್ಲಿ ಒಂದರ ಲೆಕ್ಕ ಇನ್ನೊಂದರ ಎರಡರಷ್ಟು. ಒಂದು 0.74 ವೋಲ್ಟ್ ತೋರಿಸಿದರೆ ಇನ್ನೊಂದು 0.37. ಎರಡೂ ತಾಳ ತಪ್ಪದೆ ಏರಿದವು, ನಡುವೆ ಎಲ್ಲೂ ನೆಗೆಯಲಿಲ್ಲ. ಅಂದರೆ ಪೆಡಲ್ ಸರಿಯಾಗಿದೆ, ಹಾಸು ಅಡ್ಡ ಬಂದಿದೆ. ಎರಡನ್ನೂ ಕಿತ್ತು ಡಿಕ್ಕಿಗೆ ಎಸೆದೆ. ಈಗ 100 ಬಂತು. ಇಷ್ಟಕ್ಕೇ ಮೂರು ತಿಂಗಳು ಒದ್ದಾಡಿದರಲ್ಲ ಎಂದು ನಗು ಬಂತು.

ನಗು ಅಲ್ಲೀಪುರ ದಾಟುವ ತನಕ ಉಳಿಯಲಿಲ್ಲ. ಮೂರನೆಯ ಗೇರಿನಲ್ಲಿ ಗಂಟೆಗೆ 40ರಿಂದ 80 ಕಿಲೋಮೀಟರ್ ವೇಗಕ್ಕೆ ಏರಲು 13 ಸೆಕೆಂಡ್ ಮೇಲೆ ಹಿಡಿಯಿತು. ಇದೇ ಎಂಜಿನ್ನಿನ ಆರೋಗ್ಯವಂತ ಗಾಡಿಗಳನ್ನು ಇದೇ ರಸ್ತೆಯಲ್ಲಿ ಓಡಿಸಿದ್ದೇನೆ. ಒಂಬತ್ತರ ಆಸುಪಾಸಿನಲ್ಲಿ ಮುಗಿಯುವ ಕೆಲಸ. ಈ ಸಣ್ಣ ಟರ್ಬೊ ಡೀಸೆಲ್‌ಗಳಿಗೆ ನಿಮಿಷಕ್ಕೆ 1800 ಸುತ್ತಿನ ಕೆಳಗೆ ಹುಟ್ಟಿನಿಂದಲೇ ಒಂದು ಆಲಸ್ಯವಿದೆ. ನಾಲ್ಕನೆಯ ಗೇರಿನಲ್ಲಿ 35ರ ವೇಗದಲ್ಲಿ ತುಳಿದು "ಹೋಗುತ್ತಿಲ್ಲ" ಎಂದರೆ ಅದು ಕಾಯಿಲೆಯಲ್ಲ. ಆದರೆ ಇಲ್ಲಿ 2500 ಸುತ್ತು ದಾಟಿದ ಮೇಲೂ ಗಾಡಿ ಹಾಗೇ ಇತ್ತು.

ಪೂರ್ತಿ ತುಳಿದಾಗ ಕನ್ನಡಿಯಲ್ಲಿ ಹಿಂದೆ ನೋಡಿದೆ. ಹೊಗೆ ಇಲ್ಲ. ಪಕ್ಕದಲ್ಲಿ ಕುಳಿತ ನಮ್ಮ ಹುಡುಗನನ್ನು ಇಳಿಸಿ, ರಸ್ತೆ ಬದಿಯಲ್ಲಿ ನಿಲ್ಲಿಸಿ, ಎದುರಿನಿಂದ ಜೋರಾಗಿ ಹಾದುಹೋದೆ. "ಒಂದು ಚೂರೂ ಕಪ್ಪಿಲ್ಲ ಅಣ್ಣಾ" ಎಂದ.

ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಬಾರದ ಹೊಗೆ. ಕಪ್ಪು ಹೊಗೆ ಎಂದರೆ ಸುರಿದ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಎಂದರ್ಥ. ಟರ್ಬೊದಿಂದ, ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ಹೋಸ್ ಸೀಳಿದೆ ಎಂದುಕೊಳ್ಳಿ. ಫಿಲ್ಟರಿನ ಬಾಯಲ್ಲಿ ಕುಳಿತ ಏರ್ ಫ್ಲೋ ಸೆನ್ಸರ್ ಒಳಗೆ ಬಂದ ಗಾಳಿಯನ್ನು ಎಣಿಸಿರುತ್ತದೆ, ಆ ಎಣಿಕೆಯನ್ನು ನಂಬಿ ಕಂಪ್ಯೂಟರ್ ಡೀಸೆಲ್ ಸುರಿಯುತ್ತದೆ, ಗಾಳಿ ಮಾತ್ರ ದಾರಿಯಲ್ಲೇ ಸೋರಿಹೋಗಿರುತ್ತದೆ. ಆಗ ಹಿಂದೆ ಬರುವವನಿಗೆ ರಸ್ತೆಯೇ ಕಾಣದಷ್ಟು ಹೊಗೆ. ಟರ್ಬೊ ಸತ್ತಿದ್ದರೆ ಸ್ಕ್ಯಾನರಿನಲ್ಲಿ ಕಂಪ್ಯೂಟರ್ ಕೇಳಿದ ಗಾಳಿಯ ಒತ್ತಡಕ್ಕೂ ಸಿಕ್ಕಿದ ಒತ್ತಡಕ್ಕೂ ಅಂತರ ಕಾಣಬೇಕು. ಇಲ್ಲಿ ಕೇಳಿದ್ದೂ ಸಿಕ್ಕಿದ್ದೂ ಅಕ್ಕಪಕ್ಕದಲ್ಲೇ ನಡೆದಿದ್ದವು. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯ ಒತ್ತಡವೂ ಹಾಗೆಯೇ: ಕೇಳಿದಷ್ಟು ಬಂದಿತ್ತು. ಹಾಗಾಗಿ ಮೇಷ್ಟ್ರು ಮೊದಲು ದುಡ್ಡು ಕೊಟ್ಟ ಡೀಸೆಲ್ ಫಿಲ್ಟರೂ, ಕೊನೆಗೆ ಕೊಡಬೇಕಾಗಿದ್ದ ಟರ್ಬೊವೂ ಒಂದೇ ಓಟದಲ್ಲಿ ಪಟ್ಟಿಯಿಂದ ಹೊರಬಿದ್ದವು. ಎಂಜಿನ್ ತಾನು ಕೇಳಿದ್ದನ್ನೆಲ್ಲ ಪಡೆಯುತ್ತಿದೆ. ಕೇಳುವುದನ್ನೇ ಕಡಿಮೆ ಮಾಡಿದೆ. ಯಾಕೆ?

ಗ್ಯಾರೇಜಿಗೆ ಮರಳಿ, ಎಂಜಿನ್ ತಣಿಯಲೆಂದು ಬಿಟ್ಟು, ಎದುರಿನ ಅಂಗಡಿಯಿಂದ ಒಗ್ಗರಣೆ, ಮಿರ್ಚಿ ತರಿಸಿದೆವು. ಆ ಹೊತ್ತಿಗೆ ಹುಡುಗ ತಾನೇ ಅಪರಾಧಿಯನ್ನು ಹಿಡಿದಿದ್ದೇನೆ ಎಂದು ಸ್ಕ್ಯಾನರ್ ಹಿಡಿದು ಓಡಿ ಬಂದ. ಎಂಜಿನ್ ಆಫ್ ಇದ್ದು ಕೀ ಆನ್ ಇರುವಾಗ, ಎಂಜಿನ್ನಿಗೆ ಒಳಹೋಗುವ ಗಾಳಿಯ ಒತ್ತಡದ ಸೆನ್ಸರ್ 952 ಮಿಲಿಬಾರ್ ತೋರಿಸುತ್ತಿದೆ, ಪುಸ್ತಕದಲ್ಲಿ 1013 ಎಂದಿದೆ, ಸೆನ್ಸರ್ ಸುಳ್ಳು ಹೇಳುತ್ತಿದೆ ಎಂಬುದು ಅವನ ವಾದ. ಮಿರ್ಚಿ ಕೈಯಲ್ಲಿಟ್ಟುಕೊಂಡೇ ಮೇಷ್ಟ್ರು ನಕ್ಕರು. "1013 ಸಮುದ್ರ ಮಟ್ಟದ ಲೆಕ್ಕ ಕಣಪ್ಪಾ. ಬಳ್ಳಾರಿ ಸಮುದ್ರಕ್ಕಿಂತ ಐನೂರು ಮೀಟರಿನಷ್ಟು ಮೇಲಿದೆ. ಇಲ್ಲಿ ಅಷ್ಟೇ ಇರಬೇಕು." ಹುಡುಗ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಗ್ಯಾರೇಜಿನಲ್ಲಿದ್ದ ಇನ್ನೆರಡು ಗಾಡಿಗಳಿಗೂ ಸಿಕ್ಕಿಸಿ ನೋಡಿದೆವು, ಅವೂ 950, 953 ಎಂದವು. ಒತ್ತಡದ ಸೆನ್ಸರಿನ ಮಾತು ನಂಬಬಹುದೆಂದು ಸಾಬೀತಾದದ್ದು ಹೀಗೆ. ಮುಂದಿನ ಲೆಕ್ಕಕ್ಕೆಲ್ಲ ಅದೇ ಆಧಾರವಾಯಿತು.

ಮತ್ತೆ ಓಡಿಸಿದೆವು. ಈ ಸಲ ಹುಡುಗನ ಕೈಯಲ್ಲಿ ಪೆನ್ನು, ಹಾಳೆ. 3000 ಸುತ್ತಿನಲ್ಲಿ ಪೂರ್ತಿ ತುಳಿದಾಗ: ಒತ್ತಡ 1750 ಮಿಲಿಬಾರ್, ಒಳಹೋಗುವ ಗಾಳಿಯ ಬಿಸಿ 50 ಡಿಗ್ರಿ, ಏರ್ ಫ್ಲೋ ಸೆನ್ಸರ್ ಎಣಿಸಿದ ಗಾಳಿ ಸಿಲಿಂಡರಿನ ಒಂದೊಂದು ಎಳೆತಕ್ಕೆ 370 ಮಿಲಿಗ್ರಾಂ.

ಲೆಕ್ಕ ಮಾಡಿದ್ದು ಮೇಷ್ಟ್ರೇ, ಅಂದಾಜಿನ ಚೀಟಿಯ ಹಿಂಬದಿಯಲ್ಲಿ. ಒಂದು ಸಿಲಿಂಡರಿಗೆ 312 ಸಿಸಿ. ಅಷ್ಟು ಒತ್ತಡ, ಅಷ್ಟು ಬಿಸಿಯ ಗಾಳಿ ಒಂದು ಸಿಸಿಗೆ ಹೆಚ್ಚುಕಡಿಮೆ 1.9 ಮಿಲಿಗ್ರಾಂ ತೂಗುತ್ತದೆ. ಗುಣಿಸಿದರೆ 590ರ ಸುತ್ತಮುತ್ತ. ಸಿಲಿಂಡರ್ ಎಂದೂ ಪೂರ್ತಿ ತುಂಬುವುದಿಲ್ಲ. ನೂರಕ್ಕೆ 85ರಿಂದ 90 ಪಾಲು ತುಂಬಿತು ಎಂದರೂ 500 ದಾಟಲೇಬೇಕು. ಸೆನ್ಸರ್ ಹೇಳುತ್ತಿರುವುದು 370. ಕಂಪ್ಯೂಟರ್ ಹೊಗೆ ಬಾರದಂತೆ ಗಾಳಿಯ ಲೆಕ್ಕ ನೋಡಿಯೇ ಡೀಸೆಲ್ ಅಳೆಯುತ್ತದೆ. ಒಂದು ಪಾಲು ಡೀಸೆಲ್‌ಗೆ 18 ಪಾಲು ಗಾಳಿ ಎಂದು ಹಿಡಿದರೆ, 500ಕ್ಕೆ 28 ಮಿಲಿಗ್ರಾಂ ಸುರಿಯಬೇಕಾದಲ್ಲಿ 20 ಸುರಿದು ಕೈ ಹಿಂತೆಗೆದುಕೊಳ್ಳುತ್ತದೆ. ಡೀಸೆಲ್ ಕಡಿಮೆಯಾದರೆ ಹೊರಬರುವ ಬಿಸಿ ಗಾಳಿ ಕಡಿಮೆ, ಟರ್ಬೊ ತಿರುಗುವುದೂ ತಡ. ಮೇಷ್ಟ್ರು ಹೇಳಿದ "ಯೋಚನೆ ಮಾಡಿ ಹೊರಡುವುದು" ಇದೇ.

ಇಲ್ಲಿಗೆ ಬಂದು ಹಲವರು ಎಡವುತ್ತಾರೆ, ನಾನೂ ಹಿಂದೆ ಎಡವಿದ್ದೇನೆ. ಏರ್ ಫ್ಲೋ ಸೆನ್ಸರ್ ಕಡಿಮೆ ತೋರಿಸಿತು ಎಂದ ಮಾತ್ರಕ್ಕೆ ಅದು ಕೆಟ್ಟಿದೆ ಎನ್ನಲಾಗದು. ನಿಜವಾಗಿಯೇ ಗಾಳಿ ಕಡಿಮೆ ಬಂದಿರಬಹುದು. ಹೇಗೆಂದರೆ, ಸುಟ್ಟ ಗಾಳಿಯಲ್ಲಿ ಒಂದು ಭಾಗವನ್ನು ಮತ್ತೆ ಒಳಗೆ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದರೆ, ಒಳಗಿನ ಒತ್ತಡ 1750 ಇದ್ದರೂ ಅದರಲ್ಲಿ ಹೊಗೆಯ ಪಾಲು ಸೇರಿರುತ್ತದೆ, ಹೊಸ ಗಾಳಿ ಅಷ್ಟರಮಟ್ಟಿಗೆ ಕಡಿಮೆ. ಆಗ ಸೆನ್ಸರ್ ಹೇಳುವ 370 ಸತ್ಯವೇ. ಒಂದೇ ಅಂಕಿಗೆ ಎರಡು ಕಾರಣ: ಸಾಕ್ಷಿ ಸುಳ್ಳು ಹೇಳುತ್ತಿರಬಹುದು, ಅಥವಾ ನಿಜವಾಗಿ ಕಳ್ಳತನವಾಗಿರಬಹುದು.

ಗ್ಯಾರೇಜುಗಳಲ್ಲಿ ಒಂದು ಸುಲಭದ ಪರೀಕ್ಷೆ ಚಾಲ್ತಿಯಲ್ಲಿದೆ. ಏರ್ ಫ್ಲೋ ಸೆನ್ಸರಿನ ಪ್ಲಗ್ ಕಿತ್ತು ಓಡಿಸುವುದು. ಗಾಡಿ ಚುರುಕಾದರೆ ಸೆನ್ಸರ್ ಕೆಟ್ಟಿದೆ ಎಂದು ತೀರ್ಪು. ಹುಡುಗ ಕಿತ್ತ. ಗಾಡಿ ಚುರುಕಾಯಿತು. ಅವನು ಹೊಸ ಸೆನ್ಸರಿಗೆ ಅಂಗಡಿಗೆ ಫೋನ್ ಮಾಡಲು ಹೊರಟ, ನಾನು ತಡೆದೆ. ಆ ಪ್ಲಗ್ ಕಿತ್ತ ಕೂಡಲೇ ಕಂಪ್ಯೂಟರ್ ಗಾಳಿಯ ಲೆಕ್ಕವನ್ನು ಬಿಟ್ಟು ತನ್ನೊಳಗಿನ ಅಂದಾಜಿನ ಪ್ರಕಾರ ಡೀಸೆಲ್ ಸುರಿಯುತ್ತದೆ, ಜೊತೆಗೆ ಇಜಿಆರನ್ನೂ ಮುಚ್ಚಲು ಹೇಳುತ್ತದೆ. ಎರಡು ಕೆಲಸ ಒಟ್ಟಿಗೆ ಆದಾಗ ಯಾವುದರಿಂದ ಗುಣವಾಯಿತೆಂದು ಹೇಗೆ ಹೇಳುವುದು?

ಬೇರ್ಪಡಿಸಲು ತಗಡು ಬೇಕಾಯಿತು. ಎಣ್ಣೆ ಡಬ್ಬಿಯ ತಗಡಿನಲ್ಲಿ ಇಜಿಆರ್ ಗ್ಯಾಸ್ಕೆಟ್ಟಿನ ಆಕಾರ ಕತ್ತರಿಸಿ, ನಡುವಿನ ತೂತು ಬಿಡದೆ, ಎರಡು ಬೋಲ್ಟಿನ ತೂತು ಮಾತ್ರ ಹೊಡೆದು, ವಾಲ್ವ್ ಮತ್ತು ಪೈಪಿನ ನಡುವೆ ಸಿಕ್ಕಿಸಿದೆವು. ಬೋಲ್ಟ್ ಬಿಚ್ಚುವುದರಲ್ಲೇ ಒಂದು ಗಂಟೆ ಹೋಯಿತು. ಕೆಳಗಿನದು ಕೈ ಹೋಗದ ಜಾಗದಲ್ಲಿದೆ, ಅದನ್ನು ಅಲ್ಲಿಟ್ಟವನು ಒಂದು ದಿನವೂ ಅದನ್ನು ಬಿಚ್ಚಿರಲಿಕ್ಕಿಲ್ಲ. ಈಗ ಹೊಗೆಗೆ ಒಳಬರುವ ದಾರಿ ಪೂರ್ತಿ ಬಂದ್. ಸೆನ್ಸರ್ ಸತ್ಯವಂತನಾಗಿದ್ದರೆ ಅಂಕಿ 500ರ ಕಡೆಗೆ ಏರಲೇಬೇಕು. ಮತ್ತೆ ಅದೇ ರಸ್ತೆ, ಅದೇ ಗೇರು, ಅದೇ 3000 ಸುತ್ತು: 374.

ತಗಡನ್ನು ಆಗಲೇ ತೆಗೆದೆವು. ಇಂಥದನ್ನು ಶಾಶ್ವತವಾಗಿ ಬಿಟ್ಟು "ಪಿಕಪ್ ಹೆಚ್ಚಿಸಿದ್ದೇವೆ" ಎಂದು ದುಡ್ಡು ಇಸಿದುಕೊಳ್ಳುವವರಿದ್ದಾರೆ. ಪರೀಕ್ಷೆಗೆ ಇಟ್ಟದ್ದು ಪರೀಕ್ಷೆ ಮುಗಿದ ಮೇಲೆ ಹೊರಗೆ ಬರಬೇಕು. ಹೊಗೆ ತಪಾಸಣೆಯಲ್ಲಿ ಉತ್ತರ ಹೇಳಬೇಕಾದವರು ಗಾಡಿಯ ಮಾಲೀಕರು.

ಎರಡು ಸ್ಕ್ರೂ ಬಿಚ್ಚಿ ಏರ್ ಫ್ಲೋ ಸೆನ್ಸರನ್ನು ಹೊರಗೆಳೆದೆ. ಬಿಸಿಲಿಗೆ ಹಿಡಿದು ನೋಡಿದರೆ, ಒಳಗಿನ ಸಣ್ಣ ಪೊರೆಯ ಮೇಲೆ ಕುಂಕುಮದ ಕರಡಿಗೆಯ ತಳದಲ್ಲಿ ಉಳಿಯುತ್ತದಲ್ಲ, ಅಂಥದೊಂದು ಕೆಂಪು ಲೇಪ. ಈ ಪೊರೆಯನ್ನು ಗಾಡಿ ಸದಾ ಬಿಸಿಯಾಗಿಟ್ಟಿರುತ್ತದೆ. ಹಾದುಹೋಗುವ ಗಾಳಿ ಅದರ ಬಿಸಿಯನ್ನು ಎಷ್ಟು ಕದ್ದೊಯ್ಯುತ್ತದೆ ಎಂಬುದರ ಮೇಲೆ ಗಾಳಿಯ ತೂಕ ತಿಳಿಯುತ್ತದೆ. ಮೇಲೆ ಅದಿರಿನ ಧೂಳಿನ ಕಂಬಳಿ ಹೊದಿಸಿದರೆ ಗಾಳಿ ತಾಕುವುದೇ ಇಲ್ಲ, ಗಾಳಿ ಕಡಿಮೆ ಬಂತೆಂದು ವರದಿ ಹೋಗುತ್ತದೆ. ವೇಗವಾಗಿ ಗಾಳಿ ನುಗ್ಗುವಾಗ ಈ ತಪ್ಪು ದೊಡ್ಡದು, ಸುಮ್ಮನೆ ನಿಂತಿರುವಾಗ ಚಿಕ್ಕದು. ನಿಂತಲ್ಲೇ ಸ್ಕ್ಯಾನರ್ ಸಿಕ್ಕಿಸಿ ನೋಡಿದವರಿಗೆ ಇದು ಕಾಣದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಧೂಳು ಅಲ್ಲಿಗೆ ಬಂದದ್ದು ಹೇಗೆ? ಫಿಲ್ಟರ್ ದಾಟಿದ ನಂತರದ ಜಾಗ ಅದು. ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಫಿಲ್ಟರ್ ಡಬ್ಬಿಯ ಮೇಲ್ಭಾಗದ ಒಳಗೋಡೆಯನ್ನು ಒರೆಸಿದೆ. ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅಲ್ಲಿ ಒಂದು ಕಣವೂ ಇರಬಾರದು.

ಫಿಲ್ಟರ್ ತೆಗೆದು ಸೂರ್ಯನ ಕಡೆ ಹಿಡಿದೆ. ಮಡಿಕೆಗಳ ನಡುವೆ ಎರಡು ಕಡೆ ಸೂಜಿ ಚುಚ್ಚಿದ ಹಾಗೆ ಬೆಳಕು ಬಂತು, ಒಂದು ಮಡಿಕೆ ಉದ್ದಕ್ಕೆ ಸೀಳಿತ್ತು. ಸುತ್ತಲಿನ ರಬ್ಬರ್ ಅಂಚು ಒಂದು ಮೂಲೆಯಲ್ಲಿ ಚಪ್ಪಟೆ. ಡಬ್ಬಿಯ ಕ್ಲಿಪ್ಪುಗಳಲ್ಲಿ ಒಂದು ಮುರಿದು, ಅದರ ಜಾಗದಲ್ಲಿ ಕಟ್ಟುತಂತಿ ಬಿಗಿದಿದ್ದರು. ಆ ಮೂಲೆಯಿಂದಲೇ ಕೆಂಪು ಗೀರೊಂದು ಒಳಕ್ಕೆ ಹೋಗಿತ್ತು, ಇರುವೆ ಸಾಲಿನ ಹಾಗೆ.

"ಫಿಲ್ಟರ್ ಯಾವಾಗ ಬದಲಿಸಿದಿರಿ ಮೇಷ್ಟ್ರೇ?"

"ಬದಲಿಸುವುದು ಯಾಕೆ? ವಾರ ವಾರ ಶುಚಿ ಮಾಡಿಸುತ್ತೇನಲ್ಲ. ಪಂಕ್ಚರ್ ಅಂಗಡಿಯವನು ಕಂಪ್ರೆಸರಿನಿಂದ ಊದಿಕೊಡುತ್ತಾನೆ. ಧೂಳಿನ ರಸ್ತೆ, ನಿರ್ಲಕ್ಷ್ಯ ಮಾಡಬಾರದು ನೋಡಿ."

ಅವರಿಗೆ ಹೇಗೆ ಹೇಳುವುದೆಂದು ಒಂದು ನಿಮಿಷ ತಿಳಿಯಲಿಲ್ಲ. ಲಾರಿಯ ಟೈರಿಗೆ ಗಾಳಿ ತುಂಬುವ ಒತ್ತಡವನ್ನು ಕಾಗದದ ಮೇಲೆ ಅಂಗೈ ದೂರದಿಂದ ಬಿಟ್ಟರೆ ಕಾಗದ ಎಷ್ಟು ದಿನ ತಡೆಯುತ್ತದೆ? ಅದೂ ಕೊಳಕು ಬದಿಯಿಂದ ಊದಿದರೆ ಧೂಳು ಶುಚಿಯಾದ ಬದಿಗೆ ದಾಟುತ್ತದೆ. ಒಂದೊಂದು ವಾರ ಡಬ್ಬಿ ತೆರೆದು ಮುಚ್ಚುವುದರಲ್ಲೇ ಕ್ಲಿಪ್ ಮುರಿದಿದೆ. ಅಲಕ್ಷ್ಯ ಮಾಡಿ ವರ್ಷಕ್ಕೊಮ್ಮೆ ಬದಲಿಸುವವನ ಸೆನ್ಸರ್ ಇನ್ನೂ ಬದುಕಿರುತ್ತಿತ್ತು. ಇಷ್ಟನ್ನೂ ಹೇಳದೆ, ಫಿಲ್ಟರನ್ನು ಅವರ ಕೈಗೆ ಕೊಟ್ಟು ಬಿಸಿಲಿಗೆ ಹಿಡಿಯಲು ಹೇಳಿದೆ. ಬೆಳಕಿನ ಚುಕ್ಕಿಗಳನ್ನು ನೋಡಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ದುರಸ್ತಿಯದು ದೊಡ್ಡ ಕಥೆಯಲ್ಲ. ಏರ್ ಫ್ಲೋ ಸೆನ್ಸರಿಗೆಂದೇ ಬರುವ ಸ್ಪ್ರೇ ಹೊಡೆದು, ಬಟ್ಟೆ ಬ್ರಷ್ ಮುಟ್ಟಿಸದೆ, ಅರ್ಧ ಗಂಟೆ ಒಣಗಲು ಬಿಟ್ಟೆವು. ಅಂಕಿ 370ರಿಂದ 450ಕ್ಕೆ ಏರಿ ಅಲ್ಲೇ ನಿಂತಿತು. ಮೇಷ್ಟ್ರು ಅಷ್ಟಕ್ಕೇ ಸಾಕೆನ್ನುವಂತೆ ನೋಡಿದರು. ಅದಿರಿನ ಧೂಳು ಹಿಟ್ಟಿನಂತೆ ಕಂಡರೂ ಕಬ್ಬಿಣದ ಕಲ್ಲಿನ ಪುಡಿ. ಆ ಪೊರೆಯನ್ನು ಅಷ್ಟು ತಿಂಗಳು ಉಜ್ಜಿದ ಮೇಲೆ ತೊಳೆದರೆ ಬಣ್ಣ ಹೋಗಬಹುದು, ಸವೆತ ಹೋಗುವುದಿಲ್ಲ. ಹೊಸ ಸೆನ್ಸರ್, ಹೊಸ ಫಿಲ್ಟರ್, ಫಿಲ್ಟರ್ ಡಬ್ಬಿಯ ಮೇಲ್ಭಾಗ, ಇಷ್ಟನ್ನು ಮರುದಿನ ತರಿಸಿ ಹಾಕಿದೆವು. ಒಟ್ಟು ಖರ್ಚು ಟರ್ಬೊ ಅಂದಾಜಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆ.

ಟರ್ಬೊವನ್ನೂ ಪೈಪ್ ಬಿಚ್ಚಿ ನೋಡಿದೆ. ಚಕ್ರ ಕೈಗೆ ಸಲೀಸಾಗಿ ತಿರುಗಿತು, ಹಿಂದೆ ಮುಂದೆ ಎಳೆದರೆ ಅಲುಗಾಟವಿಲ್ಲ. ಆದರೆ ರೆಕ್ಕೆಗಳ ಮುಂದಿನ ಅಂಚು ಹೊಸದರಷ್ಟು ಚೂಪಾಗಿರಲಿಲ್ಲ. ಫಿಲ್ಟರ್ ದಾಟಿದ ಧೂಳು ಮೊದಲು ಸೆನ್ಸರಿಗೆ, ಆಮೇಲೆ ಟರ್ಬೊ ರೆಕ್ಕೆಗೆ, ಆಮೇಲೆ ಸಿಲಿಂಡರಿನ ಗೋಡೆಗೆ ಹೋಗುತ್ತದೆ. ಇನ್ನೊಂದು ವರ್ಷ ಹೀಗೇ ಓಡಿದ್ದರೆ ಆ ಮೊದಲ ಗ್ಯಾರೇಜಿನವರ ಅಂದಾಜು ಚೀಟಿ ನಿಜವೇ ಆಗಿಬಿಡುತ್ತಿತ್ತು. ಬಿಲ್ಲಿನ ಕೆಳಗೆ "ಎಂಜಿನ್ ಆಯಿಲ್ ಕುಡಿಯುತ್ತದೆಯೇ ಎಂದು ತಿಂಗಳಿಗೊಮ್ಮೆ ಕಡ್ಡಿ ತೆಗೆದು ನೋಡಿ" ಎಂದು ಬರೆದುಕೊಟ್ಟೆ.

ಹೊಸ ಸೆನ್ಸರಿನೊಂದಿಗೆ ಅದೇ ಹೊಸಪೇಟೆ ರಸ್ತೆಯಲ್ಲಿ, 3000 ಸುತ್ತಿನಲ್ಲಿ ಗಾಳಿ 580 ಮಿಲಿಗ್ರಾಂ, ಒತ್ತಡ 1960. ಡೀಸೆಲ್ ಹೆಚ್ಚಾದ ಕೂಡಲೇ ಟರ್ಬೊವೂ ತನ್ನ ಪಾಲು ಏರಿಸಿಕೊಂಡಿತ್ತು. 40ರಿಂದ 80ಕ್ಕೆ ಒಂಬತ್ತು ಸೆಕೆಂಡ್. ಮೇಷ್ಟ್ರೇ ಓಡಿಸಿದರು. ಎರಡನೆಯ ಸಲ ತುಳಿದಾಗ ಅವರ ಕನ್ನಡಕ ಮೂಗಿನಿಂದ ಸ್ವಲ್ಪ ಹಿಂದಕ್ಕೆ ಸರಿಯಿತು.

ಮಳೆಗಾಲ ಮುಗಿದ ಮೇಲೆ ಆಯಿಲ್ ಬದಲಿಸಲು ಬಂದರು. ನಾನು ಇನ್ನೊಂದು ಗಾಡಿಯ ಕೆಳಗಿದ್ದೆ. ಹೊರಗೆ ಬರುವಷ್ಟರಲ್ಲಿ ಅವರೇ ಬಾನೆಟ್ ಎತ್ತಿ, ಡಬ್ಬಿ ಬಿಚ್ಚಿ, ಜೇಬಿನ ಬಿಳಿ ಕರವಸ್ತ್ರ ಬೆರಳಿಗೆ ಸುತ್ತಿ ಒಳಗೋಡೆ ಒರೆಸಿ ನಿಂತಿದ್ದರು. ಕರವಸ್ತ್ರ ಬೆಳ್ಳಗೇ ಇತ್ತು. ಆದರೆ ಪಕ್ಕದ ಸೀಟಿನ ಕೆಳಗೆ ಆ ನಾರಿನ ಹಾಸು ಮತ್ತೆ ಬಂದು ಕುಳಿತಿತ್ತು. ಚಾಲಕನ ಕಡೆ ಅಲ್ಲವಲ್ಲ ಎಂದರು.